ಪ್ಲೇಸ್‌ಮೆಂಟ್ ಫೋಟೊಗೆ ಕೂರೋ ಮುಂಚೆ: ಸ್ವಲ್ಪ ಫಿಸಿಕ್ಸ್, ಸ್ವಲ್ಪ ಇಸ್ತ್ರಿ

ಪ್ಲೇಸ್‌ಮೆಂಟ್ ಸೀಸನ್ ಹತ್ರ ಬಂದ್ರೆ ಕ್ಲಾಸ್ ಗ್ರೂಪಿಗೆ ಒಂದು ಮೆಸೇಜ್ ಬರತ್ತೆ: "ಎಲ್ಲರೂ ಪ್ರೊಫೆಷನಲ್ ಫೋಟೊ ಕಳಿಸಿ." ಆಮೇಲೆ ಶುರುವಾಗತ್ತೆ ಹುಡುಕಾಟ. ಕೆಲವರು ಅಕ್ಕನ ಮದುವೆ ಫೋಟೊ ಕ್ರಾಪ್ ಮಾಡ್ತಾರೆ, ಪಕ್ಕದಲ್ಲಿ ಯಾರದೋ ರೇಷ್ಮೆ ಸೀರೆ ಅಂಚು ಉಳ್ಕೊಂಡಿರತ್ತೆ. ಇನ್ನು ಕೆಲವರು ಹಾಸ್ಟೆಲ್ ಟ್ಯೂಬ್‌ಲೈಟ್ ಕೆಳಗೆ ಸೆಲ್ಫಿ ತೆಗೀತಾರೆ. ನಾವು ಸೆಕೆಂಡ್ ಇಯರ್‌ನವರು. ನಮಗಿನ್ನೂ ಟೈಮ್ ಇದೆ, ಆದ್ರೆ ಇಂಟರ್ನ್‌ಶಿಪ್ ಅರ್ಜಿಗಳಿಗೆ ಈಗ್ಲೇ ಫೋಟೊ ಬೇಕು. ಹಾಗಾಗಿ ಒಳ್ಳೆ ಫೋಟೊ ಸೆಷನ್‌ಗೆ ತಯಾರಾಗೋದು ಹೇಗೆ ಅಂತ ಒಂದು ಪಾಠದ ಥರ ನೋಡೋಣ. ನಾವು ಓದಿರೋ ಸಬ್ಜೆಕ್ಟ್‌ಗಳೇ ಇಲ್ಲಿ ಉಪಯೋಗಕ್ಕೆ ಬರತ್ತೆ.

1. ಸೆಲ್ಫಿ ಯಾಕೆ ಬೇಡ?

ಮೂಗಿನ ತುದಿಯಿಂದ ಕಿವಿಗೆ ಸುಮಾರು 12 ಸೆಂ.ಮೀ. ಅಂತ ಇಟ್ಕೊಳ್ಳೋಣ. ಫೋನನ್ನ ಮೂಗಿನಿಂದ 30 ಸೆಂ.ಮೀ. ದೂರ ಹಿಡಿದ್ರೆ ಕಿವಿ 42 ಸೆಂ.ಮೀ. ದೂರದಲ್ಲಿ ಇರತ್ತೆ. ಹತ್ತಿರದ್ದು ದೊಡ್ಡದಾಗಿ ಕಾಣೋದ್ರಿಂದ ಕಿವಿಗೆ ಹೋಲಿಸಿದ್ರೆ ಮೂಗು 42/30, ಅಂದ್ರೆ 1.4 ಪಟ್ಟು ಹಿಗ್ಗಿ ಕಾಣತ್ತೆ. ಅದೇ ಕ್ಯಾಮೆರಾ 150 ಸೆಂ.ಮೀ. ದೂರ ಇದ್ರೆ 162/150, ಅಂದ್ರೆ ಬರೀ 1.08. "ನನ್ನ ಮೂಗು ದಪ್ಪ" ಅಂತ ಕೊರಗೋ ಎಷ್ಟೋ ಜನರ ಸಮಸ್ಯೆ ಮೂಗಲ್ಲ, ತೋಳಿನ ಉದ್ದ!

ಇಲ್ಲೊಂದು ತಪ್ಪು ತಿಳುವಳಿಕೆ ಇದೆ. ಮುಖ ಹಿಗ್ಗಿ ಕಾಣೋದು ಲೆನ್ಸ್‌ನಿಂದ ಅಂತ ಹೇಳ್ತಾರೆ. ನಿಜವಾಗಿ ಕಾರಣ ದೂರ. ಸ್ಟುಡಿಯೊದವರು ಪೋರ್ಟ್ರೇಟ್‌ಗೆ 85 ಎಂ.ಎಂ. ಲೆನ್ಸ್ ಬಳಸೋದು ಯಾಕಂದ್ರೆ, ಅದರಲ್ಲಿ ಫ್ರೇಮ್ ತುಂಬಾ ಮುಖ ಬರಬೇಕಾದ್ರೂ ಅವರು ಸಾಕಷ್ಟು ಹಿಂದೆ ನಿಲ್ಲಬಹುದು. ಫೋನಲ್ಲೇ ತೆಗೀಬೇಕಾದ್ರೆ ಗೆಳೆಯನ ಕೈಗೆ ಕೊಡಿ, ಅವನು ಒಂದೂವರೆ ಎರಡು ಮೀಟರ್ ಹಿಂದೆ ನಿಂತು 2 ಎಕ್ಸ್ ಜೂಮ್ ಹಾಕಲಿ.

2. ಯಾವ ಶರ್ಟ್?

ಸಣ್ಣ ಸಣ್ಣ ಚೆಕ್ಸ್, ತೆಳು ಗೆರೆ ಇರೋ ಶರ್ಟ್ ಬೇಡ. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಕ್ಲಾಸಲ್ಲಿ ಅಲಿಯಾಸಿಂಗ್ ಕೇಳಿದ್ದೀವಲ್ಲ, ಅದೇ ಇಲ್ಲೂ ಆಗೋದು. ಸೆನ್ಸರ್‌ನಲ್ಲಿ ಪಿಕ್ಸೆಲ್‌ಗಳು ಒಂದು ನಿರ್ದಿಷ್ಟ ಅಂತರದಲ್ಲಿ ಸ್ಯಾಂಪಲ್ ತಗೊಳ್ತವೆ. ಬಟ್ಟೆಯ ಗೆರೆಗಳು ಆ ಅಂತರಕ್ಕಿಂತ ತೀರಾ ಒತ್ತಾಗಿದ್ರೆ, ಇಲ್ಲದೇ ಇರೋ ಅಲೆಗಳು, ಕಾಮನಬಿಲ್ಲಿನ ಥರದ ಪಟ್ಟೆಗಳು ಫೋಟೊದಲ್ಲಿ ಕಾಣಿಸ್ಕೊಳ್ತವೆ. ಇದಕ್ಕೆ ಮೊಯ್ರೇ ಅಂತಾರೆ. ಆಮೇಲೆ ಎಡಿಟ್ ಮಾಡಿ ತೆಗೆಯೋದು ಕಷ್ಟ. ಒಂದೇ ಬಣ್ಣದ ಶರ್ಟ್, ಕುರ್ತಾ, ಸೀರೆ ಯಾವುದಾದ್ರೂ ಸರಿ. ಹಿಂದೆ ಬಿಳಿ ಗೋಡೆ ಇದ್ರೆ ಬಿಳಿ ಬಟ್ಟೆ ಬೇಡ, ಭುಜ ಎಲ್ಲಿ ಮುಗೀತು ಅಂತಾನೇ ಗೊತ್ತಾಗಲ್ಲ.

ಬ್ಲೇಜರ್ ಇಲ್ವಾ? ಪರವಾಗಿಲ್ಲ. ರೂಮ್‌ಮೇಟ್ ಹತ್ರ ಇಸ್ಕೊಂಡ್ರೆ ಭುಜದ ಹೊಲಿಗೆ ನಿಮ್ಮ ಭುಜದ ಮೇಲೇ ಕೂರತ್ತಾ ನೋಡಿ. ಸೊಂಟದ ಹತ್ರ ಸಡಿಲ ಇದ್ರೆ ಹಿಂದಿನಿಂದ ಬಟ್ಟೆ ಒಣಗಿಸೋ ಕ್ಲಿಪ್ ಹಾಕಿ, ಕ್ಯಾಮೆರಾಗೆ ಕಾಣಲ್ಲ. ಭುಜವೇ ದೊಡ್ಡದಾದ್ರೆ ಮಾತ್ರ ಬೇಡ, ಚೆನ್ನಾಗಿ ಇಸ್ತ್ರಿ ಮಾಡಿದ ಶರ್ಟೇ ಅದಕ್ಕಿಂತ ಮೇಲು. ಹೊಸ ಶರ್ಟ್ ಪ್ಯಾಕೆಟ್‌ನಿಂದ ತೆಗೆದು ಹಾಗೇ ಹಾಕ್ಕೋಬೇಡಿ, ಮಡಿಕೆ ಗುರುತು ಎದೆ ಮೇಲೆ ಶಿಲುಬೆ ಥರ ಕಾಣತ್ತೆ. ಕುತ್ತಿಗೆಯಲ್ಲಿರೋ ಕಾಲೇಜ್ ಐಡಿ ಕಾರ್ಡ್ ತೆಗೆಯೋದು ಮರೀಬೇಡಿ.

3. ಹಿಂದಿನ ದಿನಗಳು

ಕಟಿಂಗ್ ಮಾಡಿಸೋದಾದ್ರೆ ನಾಲ್ಕೈದು ದಿನ ಮುಂಚೆ ಮಾಡಿಸಿ, ಕೂದಲು ಒಂದು ಹದಕ್ಕೆ ಬರತ್ತೆ. ಹೊಸ ಕ್ರೀಮು, ಫೇಸ್‌ಪ್ಯಾಕ್ ಪ್ರಯೋಗ ಹಿಂದಿನ ರಾತ್ರಿ ಬೇಡ, ಅಲರ್ಜಿ ಆದ್ರೆ ಸರಿಯಾಗೋಕೆ ಟೈಮ್ ಇರಲ್ಲ. ತುಟಿ ಒಡೆದಿದ್ರೆ ಮಲಗೋವಾಗ ಸ್ವಲ್ಪ ತುಪ್ಪ ಸವರಿ. ಸೆಷನ್ ದಿನ ಒಂದು ಕರ್ಚೀಫ್ ಇಟ್ಕೊಂಡು ಹಣೆ, ಮೂಗಿನ ಎಣ್ಣೆ ಒರೆಸಿ. ಪೌಡರ್ ಜಾಸ್ತಿ ಬಳಿದ್ರೆ ಫ್ಲ್ಯಾಶ್ ಬಿದ್ದಾಗ ಮುಖ ಬೂದಿ ಹಚ್ಚಿದ ಹಾಗೆ ಕಾಣಬಹುದು.

ಕುಂಕುಮ, ವಿಭೂತಿ, ಮೂಗುಬೊಟ್ಟು, ಹಿಜಾಬ್, ಪೇಟ ತೆಗೀಬೇಕಾ ಅಂತ ಕೆಲವರು ಕೇಳ್ತಾರೆ. ದಿನಾ ಹೇಗಿರ್ತೀರೋ ಹಾಗೇ ಇರಿ. ಇಂಟರ್‌ವ್ಯೂಗೆ ಹೋಗೋದೂ ಆ ಮುಖಾನೇ ತಾನೇ.

4. ಬೆಳಕು

ತಲೆ ಮೇಲಿನ ಟ್ಯೂಬ್‌ಲೈಟ್ ಕಣ್ಣಿನ ಗುಳಿಯಲ್ಲಿ, ಮೂಗಿನ ಕೆಳಗೆ ನೆರಳು ಬೀಳಿಸತ್ತೆ. ರಾತ್ರಿ ಎಂಟು ಗಂಟೆ ನಿದ್ದೆ ಮಾಡಿದ್ರೂ ಇಂಟರ್ನಲ್ಸ್ ಮುಗಿಸ್ಕೊಂಡು ಬಂದವರ ಥರ ಕಾಣ್ತೀವಿ. ದೊಡ್ಡ ಕಿಟಕಿ ಹುಡುಕಿ. ಬೆಳಕಿನ ಮೂಲ ನಮಗೆ ಹೋಲಿಸಿದ್ರೆ ಎಷ್ಟು ದೊಡ್ಡದೋ ನೆರಳಿನ ಅಂಚು ಅಷ್ಟು ಮೆದು. ಬಿಸಿಲು ನೇರ ಬೀಳದ ಕಿಟಕಿ ಮುಂದೆ, ಬೆಳಕು ಸುಮಾರು 45 ಡಿಗ್ರಿ ಪಕ್ಕದಿಂದ ಬರೋ ಹಾಗೆ ನಿಲ್ಲಿ. ಕಣ್ಣಲ್ಲಿ ಒಂದು ಚಿಕ್ಕ ಬೆಳಕಿನ ಚುಕ್ಕೆ ಕಂಡ್ರೆ ಜಾಗ ಸರಿಯಾಗಿದೆ ಅಂತ ಅರ್ಥ.

ಕಿಟಕಿ ಬೆಳಕಿದ್ದಾಗ ರೂಮಿನ ಲೈಟ್ ಆರಿಸಿ. ಹಗಲು ಬೆಳಕು ಸುಮಾರು 5500 ಕೆಲ್ವಿನ್, ಹಳದಿ ಬಲ್ಬ್ ಸುಮಾರು 2700. ಎರಡೂ ಸೇರಿದ್ರೆ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ. ವೈಟ್ ಬ್ಯಾಲೆನ್ಸ್ ಒಂದನ್ನ ಸರಿ ಮಾಡಿದ್ರೆ ಇನ್ನೊಂದು ಕೆಡತ್ತೆ. ಗೋಡೆಗೆ ಒರಗಿ ನಿಲ್ಲಬೇಡಿ. ಒಂದು ಮೀಟರ್ ಮುಂದೆ ಬಂದ್ರೆ ನೆರಳು ಗೋಡೆ ಮೇಲೆ ಅಷ್ಟಾಗಿ ಕಾಣಲ್ಲ.

ಕನ್ನಡಕದವರಿಗೆ: ಪತನ ಕೋನ, ಪ್ರತಿಫಲನ ಕೋನ ಎರಡೂ ಸಮ ಅಂತ ಹೈಸ್ಕೂಲಲ್ಲೇ ಓದಿದ್ದೀವಿ. ಕನ್ನಡಕದ ಕಡ್ಡಿಗಳನ್ನ ಕಿವಿಯಿಂದ ಚೂರೇ ಚೂರು ಮೇಲೆತ್ತಿದ್ರೆ ಗಾಜು ಕೆಳಗೆ ವಾಲತ್ತೆ, ಹೊಳಪು ಕ್ಯಾಮೆರಾ ಕಡೆ ಬರದೆ ನೆಲದ ಕಡೆ ಹೋಗತ್ತೆ.

5. ಮುಖ್ಯವಾದ ವಿಷಯ: ಬಣ್ಣ

ಸ್ಟುಡಿಯೊಗಳಲ್ಲಿ ಕೇಳೋ ಮಾತು: "ಸ್ವಲ್ಪ ಫೇರ್ ಮಾಡಿ ಕೊಡ್ಲಾ?" ಎಷ್ಟೋ ಕಡೆ ಕೇಳೋದೂ ಇಲ್ಲ, ಮಾಡೇ ಬಿಡ್ತಾರೆ. ಇದನ್ನ ನಾವು ಸರಿಯಾಗಿ ಅರ್ಥ ಮಾಡ್ಕೋಬೇಕು.

ಕ್ಯಾಮೆರಾದ ಮೀಟರ್, ಎದುರಿಗಿರೋ ದೃಶ್ಯ ಸರಾಸರಿಯಲ್ಲಿ ಮಧ್ಯಮ ಬೂದು ಬಣ್ಣ ಅಂತ ಊಹಿಸತ್ತೆ. ಇದನ್ನ 18% ಗ್ರೇ ಅಂತಾರೆ. ಹಿಂದೆ ಬಿಳಿ ಗೋಡೆ ಇದ್ರೆ "ಬೆಳಕು ಜಾಸ್ತಿ ಆಯ್ತು" ಅಂತ ತಿಳ್ಕೊಂಡು ಎಲ್ಲವನ್ನೂ ಕಪ್ಪಾಗಿಸತ್ತೆ. ಆಗ ಕಪ್ಪು ಮೈಬಣ್ಣದವರ ಮುಖದ ವಿವರಗಳೇ ಮೊದಲು ಮುಳುಗಿಹೋಗೋದು. ತಪ್ಪು ಮುಖದ್ದಲ್ಲ, ಮೀಟರ್‌ದು. ಪರಿಹಾರ ಎಕ್ಸ್‌ಪೋಷರ್ ಸ್ವಲ್ಪ ಏರಿಸೋದು. ಫೋನಲ್ಲಾದ್ರೆ ಮುಖದ ಮೇಲೆ ಮುಟ್ಟಿ, ಪಕ್ಕದಲ್ಲಿ ಬರೋ ಸೂರ್ಯನ ಗುರುತನ್ನ ಮೇಲಕ್ಕೆ ಎಳೀರಿ.

ಈ ಪಕ್ಷಪಾತ ಹಳೇದು. ಫಿಲ್ಮ್ ಕಾಲದಲ್ಲಿ ಪ್ರಿಂಟ್‌ನ ಬಣ್ಣ ಸರಿ ಇದೆಯಾ ಅಂತ ನೋಡೋಕೆ ಕೊಡ್ಯಾಕ್ ಕಂಪನಿ ಲ್ಯಾಬ್‌ಗಳಿಗೆ "ಶರ್ಲಿ ಕಾರ್ಡ್" ಕಳಿಸ್ತಿತ್ತು. ಅದರಲ್ಲಿ ಇರ್ತಿದ್ದದ್ದು ಬಿಳಿ ಮೈಬಣ್ಣದ ಹೆಣ್ಣುಮಗಳ ಚಿತ್ರ. ಅವಳ ಚರ್ಮ ಸರಿ ಬಂದ್ರೆ ಎಲ್ಲವೂ ಸರಿ ಅಂತ ಲೆಕ್ಕ. ಬೇರೆ ಬೇರೆ ಮೈಬಣ್ಣದವರಿರೋ ಕಾರ್ಡ್ ಬಂದಿದ್ದು 1990ರ ದಶಕದಲ್ಲಿ. 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 6 ಫೋನ್ ಜೊತೆ "ರಿಯಲ್ ಟೋನ್" ತಂದಿದ್ದೂ ಇದೇ ಸಮಸ್ಯೆ ಸರಿಮಾಡೋಕೆ. ಯಾರನ್ನ ಅಳತೆಗೋಲಾಗಿ ಇಟ್ಕೊಂಡು ಡಿಸೈನ್ ಮಾಡ್ತೀವಿ ಅನ್ನೋದು ಎಂಜಿನಿಯರುಗಳ ಪ್ರಶ್ನೆ. ನಾಳೆ ಆ ಕೆಲಸ ಮಾಡೋರು ನಾವೇ.

ಬೆಳಕು ಕಮ್ಮಿ ಬಿದ್ದಿದ್ದನ್ನ ಸರಿ ಮಾಡೋದು ಬೇರೆ, ಬಣ್ಣ ಬದಲಿಸೋದು ಬೇರೆ. ಮೊದಲನೇದು ಫೋಟೊಗ್ರಾಫರ್ ಕೆಲಸ. ಎರಡನೇದನ್ನ ಒಪ್ಕೊಂಡ್ರೆ "ನಾನಿರೋ ಹಾಗೆ ಸಾಲದು" ಅಂತ ನಾವೇ ಸಹಿ ಹಾಕಿದ ಹಾಗೆ. ಅಜ್ಜಿಯಿಂದ ಬಂದ ಬಣ್ಣಕ್ಕೆ ರೆಸ್ಯೂಮೆಯಲ್ಲಿ ಕ್ಷಮೆ ಕೇಳೋ ಅಗತ್ಯ ಇಲ್ಲ. ಹಾಗಾಗಿ ಕೂರೋ ಮುಂಚೆಯೇ ಹೇಳಿ: "ಸರ್, ಮೊಡವೆ ಬೇಕಾದ್ರೆ ತೆಗೀರಿ, ಅದು ವಾರದಲ್ಲಿ ಹೋಗತ್ತೆ. ಬಣ್ಣ ಮಾತ್ರ ಇರೋ ಹಾಗೇ ಇರ್ಲಿ."

6. ಕೂತಾಗ

1839ರಲ್ಲಿ ಫಿಲಡೆಲ್ಫಿಯಾದ ರಾಬರ್ಟ್ ಕಾರ್ನೀಲಿಯಸ್ ತನ್ನದೇ ಫೋಟೊ ತೆಗೆದುಕೊಳ್ಳುವಾಗ ನಿಮಿಷಗಟ್ಟಲೆ ಅಲ್ಲಾಡದೆ ಇರಬೇಕಾಗಿತ್ತು. ನಮಗೆ ಸೆಕೆಂಡಿನ 125ನೇ ಒಂದು ಭಾಗ ಸಾಕು. ಕಣ್ಣು ಮಿಟುಕಿಸೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಅದಕ್ಕೇ ಒಂದೇ ಕ್ಲಿಕ್ ನಂಬಬೇಡಿ, ಹತ್ತಿಪ್ಪತ್ತು ತೆಗೆಸಿ. ಮೈ ಸ್ವಲ್ಪ ಓರೆ, ಮುಖ ಕ್ಯಾಮೆರಾ ಕಡೆ. ಗಲ್ಲ ಸ್ವಲ್ಪ ಮುಂದೆ ತಂದು ಚೂರು ಕೆಳಗೆ. ಉಸಿರು ಹೊರಗೆ ಬಿಟ್ರೆ ಭುಜ ತಾನಾಗೇ ಇಳಿಯತ್ತೆ. ನಗು ಬರದಿದ್ರೆ "ಚೀಸ್" ಬೇಡ, ಫೋಟೊ ತೆಗೆಯೋ ಗೆಳೆಯ ಪಕ್ಕಾ ಕನ್ನಡದಲ್ಲಿ ಏನಾದ್ರೂ ತರ್ಲೆ ಮಾಡ್ಲಿ.

ಮನೆಗೆಲಸ

ಈ ಭಾನುವಾರ ಇಬ್ಬಿಬ್ಬರು ಸೇರಿ ಮೂರು ಫೋಟೊ ತೆಗೀರಿ: 30 ಸೆಂ.ಮೀ. ಸೆಲ್ಫಿ, ಟ್ಯೂಬ್‌ಲೈಟ್ ಕೆಳಗೆ ಒಂದು, ಕಿಟಕಿ ಪಕ್ಕ ಒಂದೂವರೆ ಮೀಟರ್ ದೂರದಿಂದ ಒಂದು. ಫಿಲ್ಟರ್ ಹಾಕಬೇಡಿ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೂರರಲ್ಲೂ ಮುಖ ಒಂದೇ, ಬದಲಾಗಿದ್ದು ದೂರ ಮತ್ತು ಬೆಳಕು ಮಾತ್ರ.