ಹಿರಿಯರ ಮನೋವೇದನೆ: ಕಾನೂನಿನ ಆಸರೆ ಎಲ್ಲಿದೆ?

ಜಮೀನು ಮಗನ ಹೆಸರಿಗೆ ಹೋಯಿತು. ಮನೆಯಲ್ಲಿ ಮಾತನಾಡಿಸುವವರಿಲ್ಲ, ಊಟ ಸೇರದು, ರಾತ್ರಿ ನಿದ್ದೆ ಹತ್ತದು. 'ವಯಸ್ಸಾಯ್ತಲ್ಲ, ಹಂಗೇ ಬುಡಿ' ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಈ ಸಂಕಟಕ್ಕೆ ಚಿಕಿತ್ಸೆ ಪಡೆಯಲು ಒಂದು ಕಾನೂನಿದೆ, ಅದರ ಮೂಲವನ್ನೇ ಸರಿಪಡಿಸಿಕೊಳ್ಳಲು ಇನ್ನೊಂದಿದೆ.

ಚಿಕಿತ್ಸೆ ನಿಮ್ಮ ಹಕ್ಕು

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ಸರ್ಕಾರದ ಮಾನಸಿಕ ಆರೋಗ್ಯ ಸೇವೆ ಪ್ರತಿಯೊಬ್ಬರ ಹಕ್ಕು. ನಿಮ್ಮ ಕಾಯಿಲೆಯ ವಿವರವನ್ನು ವೈದ್ಯರು ಗುಟ್ಟಾಗಿಡಬೇಕು. ಮುಂದೆ ನಿರ್ಧರಿಸುವ ಶಕ್ತಿ ಕುಂದಿದರೆ ನಿಮ್ಮ ಪರವಾಗಿ ಯಾರು ಮಾತನಾಡಬೇಕೆಂದು ಈಗಲೇ ಬರೆದಿಡಬಹುದು. ಅವರು ಮಗನೇ ಆಗಬೇಕೆಂದಿಲ್ಲ. ಚಾಮರಾಜನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನವನ್ನು ಗುಂಡ್ಲುಪೇಟೆಯವರು ಆಶಾ ಕಾರ್ಯಕರ್ತೆಯರಲ್ಲಿ ಕೇಳಿಕೊಳ್ಳಿ. ಬದುಕೇ ಬೇಡ ಎನಿಸಿದರೆ ತಡಮಾಡದೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಜೀವನಾಂಶ ಕೇಳುವ ಬಗೆ

ಸ್ವಂತ ದುಡಿಮೆ ಅಥವಾ ಆಸ್ತಿಯಿಂದ ಬದುಕಲಾಗದ ತಂದೆ-ತಾಯಿ, ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರಡಿ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಮಗ, ಮಗಳು, ವಯಸ್ಕ ಮೊಮ್ಮಕ್ಕಳು ಹೊಣೆಗಾರರು. ಮಕ್ಕಳಿಲ್ಲದ, 60 ದಾಟಿದವರು ತಮ್ಮ ಆಸ್ತಿಗೆ ವಾರಸುದಾರರಾಗುವ ಬಂಧುವಿನಿಂದ ಕೇಳಬಹುದು. ವಕೀಲರಿಲ್ಲದೆ ನೀವೇ ಅರ್ಜಿ ಬರೆದುಕೊಡಬಹುದು. ಕೈಲಾಗದಿದ್ದರೆ ನೀವು ಒಪ್ಪಿದ ಬೇರೊಬ್ಬರು ಸಲ್ಲಿಸಬಹುದು. ಊಟ, ಬಟ್ಟೆ, ವಸತಿಯ ಜೊತೆ ಚಿಕಿತ್ಸೆಯ ಖರ್ಚೂ ಜೀವನಾಂಶದಲ್ಲಿ ಸೇರುತ್ತದೆ. ಆದ್ದರಿಂದ ಆಸ್ಪತ್ರೆ ಚೀಟಿ, ಔಷಧಿ ಬಿಲ್ಲುಗಳನ್ನು ಜೋಪಾನವಾಗಿಡಿ. ಕಾಯ್ದೆಯಲ್ಲಿರುವ ಮಿತಿ ತಿಂಗಳಿಗೆ 10,000 ರೂಪಾಯಿ. ನೋಟಿಸ್ ಜಾರಿಯಾದ 90 ದಿನಗಳೊಳಗೆ ಅರ್ಜಿ ಇತ್ಯರ್ಥವಾಗಬೇಕು. ವಿಶೇಷ ಕಾರಣವಿದ್ದರೆ ಮತ್ತೆ 30 ದಿನ. ಆದೇಶ ಸಮಾಧಾನ ತರದಿದ್ದರೆ 60 ದಿನಗಳಲ್ಲಿ ಜಿಲ್ಲಾಧಿಕಾರಿಯವರಿಗೆ ಮೇಲ್ಮನವಿ ಸಲ್ಲಿಸಬಹುದು.

ಆಸ್ತಿ ಬರೆಯುವ ಮುನ್ನ

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಆ ಮಾತು ಉಳಿಸಿಕೊಳ್ಳದಿದ್ದರೆ, ಇದೇ 2007ರ ಕಾಯ್ದೆಯ 23ನೇ ಕಲಮಿನಡಿ ರದ್ದುಪಡಿಸಬಹುದು. ಷರತ್ತು ಇತ್ತೆಂದು ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರ ಸುದೇಶ್ ಛಿಕಾರಾ ಪ್ರಕರಣದಲ್ಲಿ ಹೇಳಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ, ಮಗನಿಗೆ ತಾಯಿ ಬರೆದುಕೊಟ್ಟಿದ್ದ ದಾನಪತ್ರವನ್ನು ರದ್ದುಮಾಡಿ ಆಸ್ತಿಯನ್ನು ಆಕೆಗೇ ಮರಳಿಸಿತು. ಹೀಗಾಗಿ ಬಾಯಿಮಾತನ್ನು ನೆಚ್ಚಬೇಡಿ. ಊಟ, ವಸತಿ, ಚಿಕಿತ್ಸೆ ಕೊಡಬೇಕೆಂಬ ಷರತ್ತನ್ನು ದಾನಪತ್ರದಲ್ಲೇ ಬರೆಸಿ. ಇಲ್ಲವೇ ಉಯಿಲು ಬರೆಯಿರಿ. ಬದುಕಿರುವತನಕ ಅದನ್ನು ಬದಲಿಸುವ ಅಧಿಕಾರ ನಿಮ್ಮದೇ.

ಯಾರನ್ನು ಕೇಳಬೇಕು?

ಹಿರಿಯರ ಸಹಾಯವಾಣಿ 14567, ಕಾನೂನು ನೆರವಿಗೆ 15100. ಚಾಮರಾಜನಗರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಗುಂಡ್ಲುಪೇಟೆಯ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲೂ ವಿಚಾರಿಸಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಮಾನಸಿಕ ಅಸ್ವಸ್ಥರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ.

ಮಗನ ಮೇಲೆ ದೂರು ಕೊಟ್ಟರೆ ಮನೆ ಮರ್ಯಾದೆ ಹೋಗುತ್ತದೆ ಎಂಬ ಅಂಜಿಕೆ ಹಲವರಿಗಿದೆ. ಆದರೆ ಅರ್ಜಿ ವಿಚಾರಣೆಗೆ ಮುನ್ನ ಅದನ್ನು ಸಂಧಾನ ಅಧಿಕಾರಿಗೆ ಒಪ್ಪಿಸಲು ನ್ಯಾಯಮಂಡಳಿಗೆ ಅವಕಾಶವಿದೆ. ಎದುರುಬದುರು ಕುಳಿತು ಮಾತಾಡಿ ಬಗೆಹರಿದರೆ, ಆ ಒಪ್ಪಂದವೇ ನ್ಯಾಯಮಂಡಳಿಯ ಆದೇಶವಾಗುತ್ತದೆ.