ಪುಟ್ಟ ಕಾರಿಗೊಂದು ಕ್ಯಾರಿಯರ್: ಅಳತೆಯ ಪಾಠ, ಲೆಕ್ಕದ ಪಾಠ



ಆಟಿಕೆ ಕಾರು ಬೇರೆ, ಸ್ಕೇಲ್ ಮಾಡೆಲ್ ಕಾರು ಬೇರೆ. ಆಟಿಕೆ ಕಾರು ನೋಡಲು ಕಾರಿನಂತಿದ್ದರೆ ಸಾಕು. ಸ್ಕೇಲ್ ಮಾಡೆಲ್‌ನಲ್ಲಿ ಪ್ರತಿಯೊಂದು ಭಾಗವೂ ನಿಜವಾದ ಕಾರಿನ ಅಳತೆಯಿಂದ ಒಂದೇ ಅನುಪಾತದಲ್ಲಿ ಚಿಕ್ಕದಾಗಿರಬೇಕು. ಪೆಟ್ಟಿಗೆಯಲ್ಲಿ ಬಿಡಿ ಬಿಡಿ ಪ್ಲಾಸ್ಟಿಕ್ ಭಾಗಗಳು ಬರುತ್ತವೆ. ಅವುಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ ನಾವೇ ಜೋಡಿಸಬೇಕು. ಇದಕ್ಕೆ ಕಿಟ್ ಎನ್ನುತ್ತಾರೆ. ಪೆಟ್ಟಿಗೆಯಲ್ಲಿ ಇಲ್ಲದ ಭಾಗವನ್ನು ನಾವೇ ತಂತಿ, ಪ್ಲಾಸ್ಟಿಕ್, ಕಡ್ಡಿಗಳಿಂದ ಮಾಡಿದರೆ ಅದು ಸ್ಕ್ರ್ಯಾಚ್ ಬಿಲ್ಟ್ ಭಾಗ. ಅಂಥ ಒಂದು ಭಾಗವನ್ನು ಮಾಡುವಾಗ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ರಜೆಯಲ್ಲಿ ದುಬೈಯಿಂದ ಬಂದ ಮಾಮು ನನಗೆ ತಮಿಯಾ ಕಂಪನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಿಟ್ ತಂದುಕೊಟ್ಟರು. ಅದರ ಅಳತೆ 1/24. ಬೀಟಲ್ ಕಾರಿನ ಎಂಜಿನ್ ಹಿಂದೆ ಇರುತ್ತದೆ; ಸಾಮಾನಿನ ಜಾಗ ಮುಂದೆ, ಅದೂ ಚಿಕ್ಕದು. ಆದ್ದರಿಂದ ಹಲವರು ಅದರ ಛಾವಣಿಗೆ ಕ್ಯಾರಿಯರ್ ಹಾಕಿಸುತ್ತಿದ್ದರು. ನನ್ನ ಕಾರಿಗೂ ಒಂದು ಕ್ಯಾರಿಯರ್ ಬೇಕೆನಿಸಿತು.

1. ಮೊದಲು ಅನುಪಾತ

1/24 ಎಂದರೆ ನಿಜವಾದ ಅಳತೆಯನ್ನು 24ರಿಂದ ಭಾಗಿಸಬೇಕು. ಒಂದು ಅಡಿ ಅರ್ಧ ಇಂಚು ಆಗುತ್ತದೆ. ಬೀಟಲ್‌ನ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 2400 ಮಿ.ಮೀ. ಅದನ್ನು 24ರಿಂದ ಭಾಗಿಸಿದರೆ ಸರಿಯಾಗಿ 100 ಮಿ.ಮೀ. ನಾನು ಮಾಡೆಲ್ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ನೋಡಿದೆ, 10 ಸೆಂ.ಮೀ. ಬಂತು. ಆಗ ಲೆಕ್ಕದ ಮೇಲೆ ನನಗೆ ಧೈರ್ಯ ಬಂತು.

ಅಬ್ಬಾ ಅವರದು ಸಣ್ಣ ಟಿಂಕರಿಂಗ್ ಶೆಡ್. ಅಲ್ಲಿ ನಿಂತಿದ್ದ ಒಂದು ಹಳೆಯ ವ್ಯಾನಿನ ಕ್ಯಾರಿಯರ್ ಅಳೆದೆ. ಅದರ ಪೈಪಿನ ದಪ್ಪ 25 ಮಿ.ಮೀ. ಭಾಗಿಸಿದರೆ 1 ಮಿ.ಮೀ.ಗಿಂತ ಸ್ವಲ್ಪವೇ ಹೆಚ್ಚು. ಅಂದರೆ 1 ಮಿ.ಮೀ. ತಂತಿ ಸಾಕು. ಅದರ ಮರದ ರೀಪಿನ ಅಗಲ 2 ಇಂಚು, ಅಂದರೆ ಸುಮಾರು 50 ಮಿ.ಮೀ. ಭಾಗಿಸಿದರೆ 2 ಮಿ.ಮೀ. ಬೆಂಕಿಕಡ್ಡಿಯ ದಪ್ಪವೂ ಸುಮಾರು ಅಷ್ಟೇ! ಸಾಮಾನು ಕಟ್ಟುವ 12 ಮಿ.ಮೀ. ಹಗ್ಗಕ್ಕೆ ಅರ್ಧ ಮಿ.ಮೀ. ದಾರ. ಅದು ಅಮ್ಮಿಯ ಹೊಲಿಗೆ ಡಬ್ಬಿಯಲ್ಲಿ ಸಿಕ್ಕಿತು. ಚಕ್ರದ ಹಿಂದಿನ ಮಡ್ ಫ್ಲಾಪ್‌ಗೆ ಕಪ್ಪು ಇನ್ಸುಲೇಶನ್ ಟೇಪ್.

ನಮ್ಮ ಕಾರುಗಳ ಉದ್ದನೆಯ ನಂಬರ್ ಪ್ಲೇಟ್ 500 x 120 ಮಿ.ಮೀ. ಮಾಡೆಲ್‌ನಲ್ಲಿ ಅದು ಸುಮಾರು 21 x 5 ಮಿ.ಮೀ. ಆಗಬೇಕು. ನೀವು ಮಾಡುವಾಗ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ.

2. ಯಾವ ವಸ್ತು, ಯಾವ ಅಂಟು

ಕಿಟ್‌ನ ಭಾಗಗಳು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್‌ನವು. ಮಾಡೆಲ್ ಸಿಮೆಂಟ್ ಎಂಬ ಅಂಟು ಈ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ಸ್ವಲ್ಪ ಕರಗಿಸಿ ಎರಡು ಭಾಗಗಳನ್ನು ಒಂದು ಮಾಡುತ್ತದೆ. ಅದು ವೆಲ್ಡಿಂಗ್ ಇದ್ದಂತೆ. ಹೊಸ ಭಾಗ ಮಾಡಲು ತೆಳು ಪ್ಲಾಸ್ಟಿಕ್ ಬೇಕಾದರೆ, ಬಿಸಾಡುವ ಡಬ್ಬಿಗಳ ತಳ ನೋಡಿ. ತ್ರಿಕೋನದೊಳಗೆ 6 ಎಂದಿದ್ದರೆ ಅದು ಪಾಲಿಸ್ಟೈರೀನ್. 5 ಎಂದಿದ್ದರೆ ಮಾಡೆಲ್ ಸಿಮೆಂಟ್ ಹಿಡಿಯುವುದಿಲ್ಲ. ಥರ್ಮೋಕೋಲ್ ಕೂಡ ಪಾಲಿಸ್ಟೈರೀನೇ, ಆದರೆ ಸಿಮೆಂಟ್ ತಾಗಿದರೆ ಕರಗಿ ಹೋಗುತ್ತದೆ.

ತಂತಿಗೆ, ಮರಕ್ಕೆ ಈ ಸಿಮೆಂಟ್ ಆಗದು. ಅಲ್ಲಿ ತಕ್ಷಣ ಹಿಡಿಯುವ ಅಂಟು ಬೇಕು. ಆದರೆ ಅದರ ಆವಿ ಗಾಜಿನಂಥ ಭಾಗಗಳ ಮೇಲೆ ಬಿಳಿ ಮಂಜು ಕೂರಿಸುತ್ತದೆ. ಆದ್ದರಿಂದ ಕ್ಯಾರಿಯರನ್ನು ಕಾರಿನಿಂದ ದೂರವಿಟ್ಟು ಅಂಟಿಸಿ, ಪೂರ್ತಿ ಒಣಗಿದ ಮೇಲೆ ಕಾರಿನ ಮೇಲಿಡಬೇಕು.

3. ಮಾಡುವ ವಿಧಾನ

(ಅ) ಗ್ರಾಫ್ ಹಾಳೆಯ ಮೇಲೆ ಕ್ಯಾರಿಯರಿನ ಚಿತ್ರ ಬರೆಯಿರಿ. ವ್ಯಾನಿನ ಕ್ಯಾರಿಯರ್ ಬೀಟಲ್‌ಗೆ ದೊಡ್ಡದಾಗುತ್ತದೆ. ಆದ್ದರಿಂದ ಪೈಪಿನ ದಪ್ಪವನ್ನು ಮಾತ್ರ ಅದರಿಂದ ತೆಗೆದುಕೊಂಡು, ಉದ್ದ 45 ಮಿ.ಮೀ., ಅಗಲ 40 ಮಿ.ಮೀ., ಕಟಕಟೆಯ ಎತ್ತರ 5 ಮಿ.ಮೀ. ಇಟ್ಟೆ.

(ಆ) ಹಳೆಯ ವೈರಿನ ತಾಮ್ರದ ತಂತಿಯ ಒಂದು ತುದಿಯನ್ನು ಗಟ್ಟಿಯಾಗಿ ಬಿಗಿದು, ಇನ್ನೊಂದನ್ನು ಇಕ್ಕಳದಿಂದ ಎಳೆಯಿರಿ. ಸ್ವಲ್ಪ ಹಿಗ್ಗಿದ ಕೂಡಲೇ ತಂತಿ ನೆಟ್ಟಗಾಗುತ್ತದೆ.

(ಇ) ತಂತಿಗಳನ್ನು ಚಿತ್ರದ ಮೇಲೆ ಟೇಪಿನಿಂದ ಹಿಡಿಸಿ ಅಂಟಿಸಿ. ನಾನು ಮೊದಲು ತುದಿಗೆ ತುದಿ ಮುಟ್ಟಿಸಿ ಅಂಟಿಸಿದ್ದೆ. ಎತ್ತಿದ ಕೂಡಲೇ ಬಿಚ್ಚಿಕೊಂಡಿತು. ಅಬ್ಬಾ ನೋಡಿ, "ತುದಿಗೆ ತುದಿ ನಿಲ್ಲುವುದಿಲ್ಲ ಬೇಟಾ, ಒಂದರ ಮೇಲೆ ಒಂದು ಕೂರಿಸು," ಎಂದರು. ಅಡ್ಡ ತಂತಿಯನ್ನು ಉದ್ದ ತಂತಿಯ ಮೇಲೆ ಕೂರಿಸಿ, ತುದಿಯನ್ನು ಸ್ವಲ್ಪ ಬಾಗಿಸಿದೆ. ಅಂಟಿಗೆ ಜಾಗ ಸಿಕ್ಕಿತು, ಗಟ್ಟಿಯಾಯಿತು.

(ಈ) ಕಾಲುಗಳು. ಇಲ್ಲಿ ನಾನು ಸೋತೆ. ನಾಲ್ಕೂ ಕಾಲುಗಳನ್ನು ಸಮ ಮಾಡಿದ್ದೆ. ಬೀಟಲ್‌ನ ಛಾವಣಿ ಹಿಂದಕ್ಕೆ ಇಳಿಜಾರಾಗಿರುವುದರಿಂದ ಕ್ಯಾರಿಯರ್ ಹಿಂದಕ್ಕೆ ವಾಲಿತು. ನಾಲ್ಕು ಗಂಟೆಯ ಕೆಲಸ ಬಿಚ್ಚಬೇಕಾಯಿತು. ಎರಡನೆಯ ಸಲ ಮೆತ್ತಗಿನ ಸೋಲ್ಡರ್ ತಂತಿಯನ್ನು ಛಾವಣಿಯ ಮೇಲೆ ಒತ್ತಿ, ಆ ಬಾಗನ್ನು ಹಾಳೆಯ ಮೇಲೆ ಗುರುತಿಸಿಕೊಂಡೆ. ಆ ಗೆರೆಯ ಮೇಲ್ಗಡೆ ಸ್ಕೇಲಿಟ್ಟು ನೋಡಿದರೆ ಹಿಂದಿನ ಕಾಲು 2 ಮಿ.ಮೀ. ಹೆಚ್ಚು ಉದ್ದ ಬೇಕಿತ್ತು.

(ಉ) ಬೆಂಕಿಕಡ್ಡಿಯ ಮದ್ದಿನ ತುದಿ ಕತ್ತರಿಸಿ ಎಸೆದು, ಉಳಿದ ಕಡ್ಡಿಗಳನ್ನು ವಾಟರ್ ಪೇಪರಿನಿಂದ ನಯ ಮಾಡಿ ರೀಪಿನಂತೆ ಅಂಟಿಸಿ. ಗಾಡಿಗೆ ಹೊಡೆಯುವ ಸ್ಪ್ರೇ ಪೇಂಟನ್ನು ಬರಿಯ ಪ್ಲಾಸ್ಟಿಕ್ ಮೇಲೆ ದಪ್ಪಗೆ ಹೊಡೆಯಬೇಡಿ, ಅದರ ಥಿನ್ನರ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಮೊದಲು ಪ್ರೈಮರನ್ನು ತೆಳ್ಳಗೆ ಹೊಡೆದು ಒಣಗಿಸಿ.

ಬ್ಲೇಡನ್ನು ಯಾವಾಗಲೂ ಕೈಯಿಂದ ಆಚೆಗೆ ಎಳೆಯಿರಿ. ಅಂಟು, ಪೇಂಟ್ ಬಳಸುವಾಗ ಕಿಟಕಿ ತೆರೆದಿರಲಿ.

4. ಈಗ ಲೆಕ್ಕ

ಕ್ಯಾರಿಯರ್ ನೋಡಿದ ನನ್ನ ಸಹಪಾಠಿಯೊಬ್ಬ, "ನನಗೂ ಒಂದು ಮಾಡಿಕೊಡು, 100 ರೂಪಾಯಿ ಕೊಡುತ್ತೇನೆ," ಎಂದ. ನಾನು ಕಾಮರ್ಸ್ ವಿದ್ಯಾರ್ಥಿ. ಕೂಡಲೇ ಲೆಕ್ಕ ಬರೆದೆ: ಬೆಂಕಿಪೆಟ್ಟಿಗೆ 2, ಅಂಟು 10, ವಾಟರ್ ಪೇಪರ್ 15, ಟೇಪ್ 20. ಒಟ್ಟು 47 ರೂಪಾಯಿ. ಲಾಭ 53 ರೂಪಾಯಿ. ಖುಷಿಯಿಂದ ಅಬ್ಬಾಗೆ ತೋರಿಸಿದೆ.

ಅವರು ಚೀಟಿ ನೋಡಿ ಒಂದೇ ಪ್ರಶ್ನೆ ಕೇಳಿದರು: "ಮೆಹನತ್ ಎಲ್ಲಿ ಬರೆದೆ?"

ಮೆಹನತ್ ಅಂದರೆ ದುಡಿಮೆ. ನನಗೆ ಹಿಡಿದದ್ದು 11 ಗಂಟೆ. 53 ರೂಪಾಯಿಯನ್ನು 11ರಿಂದ ಭಾಗಿಸಿದರೆ ಗಂಟೆಗೆ 5 ರೂಪಾಯಿಯೂ ಇಲ್ಲ. ನಾನು ಸಾಮಾನಿನ ಲೆಕ್ಕ ಬರೆದಿದ್ದೆ, ಕೆಲಸದ ಲೆಕ್ಕ ಬರೆದಿರಲಿಲ್ಲ.

ಆಗ ನನಗೆ ಇನ್ನೊಂದು ವಿಷಯ ನೆನಪಾಯಿತು. ಭಾನುವಾರಗಳಂದು ಶೆಡ್‌ನ ಬಿಲ್ ಬರೆಯುವವರು ಬೇರಾರೂ ಅಲ್ಲ, ನಾನೇ. ನಾನು "ತಗಡು, ಪುಟ್ಟಿ, ಪೇಂಟ್" ಎಂದು ಬರೆದು ಕೆಳಗೆ ಒಂದು ಒಟ್ಟು ಮೊತ್ತ ಹಾಕುತ್ತಿದ್ದೆ. ಗಿರಾಕಿಗಳು ಅದನ್ನು ನೋಡಿ, "ಒಂದು ತುಂಡು ತಗಡಿಗೆ ಇಷ್ಟಾ?" ಎಂದು ಕೇಳುತ್ತಿದ್ದರು. ಅಬ್ಬಾ ಏನೂ ಹೇಳದೆ ಸ್ವಲ್ಪ ಬಿಟ್ಟುಕೊಡುತ್ತಿದ್ದರು. ಗಿರಾಕಿಗಳದು ತಪ್ಪೆಂದು ನಾನು ಸಿಟ್ಟಾಗುತ್ತಿದ್ದೆ. ಆದರೆ ಬಿಲ್‌ನಲ್ಲಿ ತಗಡು ಮಾತ್ರ ಇದ್ದರೆ ಅವರಿಗೆ ತಗಡೇ ಕಾಣುತ್ತದೆ. ದಿನವಿಡೀ ಸುತ್ತಿಗೆ ಹಿಡಿದ ಕೈ ಕಾಣದಂತೆ ಮಾಡಿದವರಲ್ಲಿ ನಾನೂ ಒಬ್ಬ.

ಈಗ ಬಿಲ್‌ನಲ್ಲಿ ಸಾಮಾನು ಒಂದು ಸಾಲು, ಕೆಲಸದ ಗಂಟೆ ಇನ್ನೊಂದು ಸಾಲು. ಮೊದಲ ವಾರವೂ ಒಬ್ಬರು ಚೌಕಾಸಿ ಮಾಡಿದರು. ಆದರೆ ಯಾವುದಕ್ಕೆ ಚೌಕಾಸಿ ನಡೆಯುತ್ತಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಅಬ್ಬಾ ಆ ದಿನ ಬಿಟ್ಟುಕೊಡಲಿಲ್ಲ.

ನಾವು ಅರ್ಥಶಾಸ್ತ್ರದಲ್ಲಿ ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಎಂದು ಓದುತ್ತೇವೆ. ಕಲಿಯಲು ಹಿಡಿದ ಗಂಟೆಗಳು ಒಂದು ಬಗೆಯ ಸ್ಥಿರ ವೆಚ್ಚ. ಚಿತ್ರ, ಕಾಲಿನ ಅಳತೆ ಸಿದ್ಧವಿರುವುದರಿಂದ ಎರಡನೆಯ ಕ್ಯಾರಿಯರ್‌ಗೆ 4 ಗಂಟೆ ಸಾಕು. ಗಂಟೆಗೆ 50 ರೂಪಾಯಿ ಹಿಡಿದರೂ 200, ಸಾಮಾನು 47, ಒಟ್ಟು 247 ರೂಪಾಯಿ. ಸಹಪಾಠಿಗೆ ಇದನ್ನು ವಿವರಿಸಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ನನಗೇ ಕಲಿಸು," ಎಂದ. ಈಗ ಅವನೇ ಮಾಡುತ್ತಿದ್ದಾನೆ. ಅವನ ಮೊದಲ ಕ್ಯಾರಿಯರ್ ಕೂಡ ಹಿಂದಕ್ಕೆ ವಾಲಿತು!

ಕಿಟ್ ಸಿಗದವರು ಚಿಂತಿಸಬೇಕಾಗಿಲ್ಲ. ಒಂದು ಸ್ಕೇಲ್ ಹಿಡಿದು ನಿಮ್ಮ ತರಗತಿಯ ಬೆಂಚನ್ನು ಅಳೆಯಿರಿ, 24ರಿಂದ ಭಾಗಿಸಿ, ಬೆಂಕಿಕಡ್ಡಿಯಲ್ಲಿ ಮಾಡಿ ನೋಡಿ. ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಮಾತ್ರ ಬರೆದಿಡಲು ಮರೆಯಬೇಡಿ.