ತೀರಿದ ಸಾಲಕ್ಕೆ ಬಂದ ಡಿಕ್ರಿ

ತೀರಿಸಿದ ಸಾಲಕ್ಕೂ ಕೋರ್ಟಿನಿಂದ ಡಿಕ್ರಿ ಬರಬಹುದು. ನನಗೆ ಬಂದಿತ್ತು. ಸಂಬಳ ಜಪ್ತಿಗೆ ಆದೇಶ ಬಂದಿದೆ ಎಂದು ಆಫೀಸಿನ ಲೆಕ್ಕಪತ್ರ ವಿಭಾಗದವರು ಪತ್ರ ಕೊಟ್ಟಾಗಲೇ ನನ್ನ ಮೇಲೆ ದಾವೆ ನಡೆದಿತ್ತೆಂದು ತಿಳಿದದ್ದು. ಅದು ಬೈಕಿನ ಸಾಲ. ಕೊನೆಯ ಕಂತೂ ಕಟ್ಟಿಯಾಗಿತ್ತು, ಬಾಕಿ ಇಲ್ಲವೆಂದು ಫೈನಾನ್ಸ್ ಕಂಪನಿಯೇ ಕೊಟ್ಟ ಪತ್ರ ಬೀರುವಿನಲ್ಲಿತ್ತು.

ಇಂಥ ಡಿಕ್ರಿಗೆ ಸಂಬಳದ ಮೊದಲ 1,000 ರೂಪಾಯಿಯನ್ನೂ ಉಳಿದದ್ದರ ಮೂರನೇ ಎರಡು ಪಾಲನ್ನೂ ಮುಟ್ಟುವಂತಿಲ್ಲ ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ. ಅಂದರೆ 31,000 ಸಂಬಳವಿದ್ದವರಿಗೆ ತಿಂಗಳಿಗೆ 10,000 ಕಡಿತ. ಬಾಡಿಗೆ, ಮಕ್ಕಳ ಫೀಸು ಕಟ್ಟುವ ಮನೆಗೆ ಅದು ದೊಡ್ಡ ಹೊಡೆತ.

ಬಾಕಿ ಇಲ್ಲದ ಪತ್ರವನ್ನೇ ಮೊದಲು ವಕೀಲರ ಮುಂದಿಟ್ಟೆ. "ಸಾಲ ತೀರಿದೆಯೋ ಇಲ್ಲವೋ ಅನ್ನೋದು ಆಮೇಲೆ ಸರ್. ಮೊದಲು ಸಮನ್ಸ್ ಯಾವ ಅಡ್ರೆಸ್ಸಿಗೆ ಹೋಗಿತ್ತು ನೋಡೋಣ" ಎಂದರು. ನನ್ನ ಮೇಲೆ ಬಂದದ್ದು ಏಕಪಕ್ಷೀಯ ಡಿಕ್ರಿ, ಎಂದರೆ ಪ್ರತಿವಾದಿ ಬರಲಿಲ್ಲವೆಂದು ಒಂದೇ ಕಡೆಯ ಮಾತು ಕೇಳಿ ಕೊಟ್ಟ ತೀರ್ಪು. ಅದನ್ನು ತೆಗೆಸಬೇಕಾದರೆ ಏಕೆ ಬರಲಿಲ್ಲ ಎಂಬುದನ್ನೇ ಮೊದಲು ಹೇಳಬೇಕು.

ಕಡತ ತರಿಸಿ ನೋಡಿದೆವು. ಸಮನ್ಸ್ ಹೋದದ್ದು ನಾನು ಎಂದೋ ಬಿಟ್ಟ ಬಾಡಿಗೆ ಮನೆಗೆ. ಹಿಂಬದಿಯಲ್ಲಿ ಅಮೀನರ ಷರಾ: ಮನೆಗೆ ಬೀಗ ಹಾಕಿದೆ, ಬಾಗಿಲಿಗೆ ಅಂಟಿಸಿದೆ. ಮನೆ ತೋರಿಸಿದವರು ಯಾರು, ಯಾರ ಎದುರು ಅಂಟಿಸಿದ್ದು, ಒಂದೂ ಬರೆದಿರಲಿಲ್ಲ. ಸಂಹಿತೆಯ 5ನೇ ಆದೇಶದ 17ನೇ ನಿಯಮ ಕೇಳುವುದೇ ಆ ವಿವರವನ್ನು. ನನ್ನ ಬಾಕಿ ಇಲ್ಲದ ಪತ್ರವನ್ನು ಕಂಪನಿ ಹೊಸ ಮನೆಯ ವಿಳಾಸ ಬರೆದೇ ಕಳಿಸಿತ್ತು. ಹೊಸ ವಿಳಾಸ ಗೊತ್ತಿದ್ದೂ ದಾವೆಯಲ್ಲಿ ಹಳೆಯದನ್ನು ಕೊಡುವುದು ಅನ್ಯಾಯ. ಕೋರ್ಟನ್ನೂ ದಾರಿ ತಪ್ಪಿಸಿದಂತೆ.

9ನೇ ಆದೇಶದ 13ನೇ ನಿಯಮದಡಿ ಅದೇ ಕೋರ್ಟಿಗೆ ಅರ್ಜಿ ಹಾಕಿದೆವು. ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲವೆಂದೋ, ಬರಲಾಗದಿದ್ದಕ್ಕೆ ತಕ್ಕ ಕಾರಣವಿತ್ತೆಂದೋ ತೋರಿಸಬೇಕು. ಜಾರಿಯಲ್ಲಿ ಸಣ್ಣ ಲೋಪವಿದ್ದರೂ ವಾಯಿದೆಯ ದಿನ ನಿಮಗೆ ಮೊದಲೇ ಗೊತ್ತಿತ್ತೆಂದಾದರೆ ಅರ್ಜಿ ನಿಲ್ಲುವುದಿಲ್ಲ. ಗಡುವು 30 ದಿನ. ಸಮನ್ಸ್ ಸರಿಯಾಗಿ ಮುಟ್ಟಿರದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ ಲೆಕ್ಕ. ತಿಳಿದ ದಿನಕ್ಕೆ ನಮಗೆ ಆಫೀಸಿನ ಪತ್ರವೇ ಸಾಕ್ಷಿಯಾಯಿತು. ತಡವಾದರೆ 1963ರ ಕಾಲಮಿತಿ ಕಾಯ್ದೆಯ 5ನೇ ಕಲಂನಡಿ ಕಾರಣ ಕೊಟ್ಟು ಮನ್ನಿಸಲು ಕೇಳಬೇಕು. ಇನ್ನೊಂದು ಮಾತು: ಅರ್ಜಿ ಹಾಕಿದ ಮಾತ್ರಕ್ಕೆ ಜಪ್ತಿ ನಿಲ್ಲದು. ತಡೆಯಾಜ್ಞೆಗೆ ಬೇರೆಯೇ ಅರ್ಜಿ ಹಾಕಬೇಕು.

ಡಿಕ್ರಿ ರದ್ದಾಯಿತು. ಅಷ್ಟಕ್ಕೇ ದಾವೆ ಮುಗಿಯಲಿಲ್ಲ, ಮತ್ತೆ ಮೊದಲಿನಿಂದ ನಡೆಯಿತು. ಬಾಕಿ ಇಲ್ಲದ ಪತ್ರದ ಒಕ್ಕಣೆ ಕೆಲಸಕ್ಕೆ ಬಂದದ್ದು ಆಗ. ಕಡಿತವಾದ ಹಣವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 144ನೇ ಕಲಂನಡಿ ಕೇಳಿ ಪಡೆದೆ.

ಮನೆ ಬದಲಿಸಿದರೆ ಸಾಲ ಕೊಟ್ಟವರಿಗೆ ಬರವಣಿಗೆಯಲ್ಲೇ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ ಆರಿಸಿ, ನಿಮ್ಮ ಹೆಸರು ಮತ್ತು ವರ್ಷ ಹಾಕಿ ಆಗಾಗ ಹುಡುಕಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ.